ಅಲೀವಿಯೇಟ್ ಪಂಚಾಕ್ಷರಪ್ಪನವರು

ಪಂಚಾಕ್ಷರಪ್ಪನವರು ಬಲಕ್ಕೆ ವಾಲಿ ನಡೆಯುತ್ತಿದ್ದರು. ಅವರ ಕರಿಯ ಕೋಟಿನ ಬಲಗಿಸೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಒಂದು ಇಂಗ್ಲಿಷ್ ನಿಘಂಟು ಬಿಡಾರ ಹೂಡಿತ್ತು. ಆ ಗ್ರಂಥದ ಗುರುತ್ವಕ್ಕೆ ಮಣಿದು ಬಲಭುಜವು ಎಡಭುಜಕ್ಕಿಂತ ನಾಲ್ಕು ಬೆರಳು ತಗ್ಗಿಹೋಗಿತ್ತು. ಒಂದು ಯುಗಾದಿಯಂದು ಅಭ್ಯಂಜನಕ್ಕೆಂದು ಕೋಟು ಕಳಚಿದೊಡನೆ ಮೈ ಏಕಾಏಕಿ ಹಗುರವಾಗಿ, ಎಡಕ್ಕೆ ಹೊಯ್ದಾಡಿ, ಬಚ್ಚಲ ಗೋಡೆಗೆ ಹಣೆ ಬಡಿದುಕೊಂಡು, ಅಂದಿನಿಂದ ನಿಘಂಟನ್ನು ಎಣ್ಣೆನೀರಿಗೂ ಜೊತೆಗೊಯ್ಯುತ್ತಿದ್ದರೆಂದು ಶಿಕಾರಿಪುರದಲ್ಲಿ ಪ್ರತೀತಿ. ಅದನ್ನು ನಾನು ಕಂಡಿಲ್ಲ. ನಾನು ಕಂಡದ್ದು ಇಷ್ಟೆ: ತಾಲ್ಲೂಕು ಕಚೇರಿಯಿಂದ ಮನೆಯ ಕಡೆಗೆ ನೆಟ್ಟನೆ ಮುಖಮಾಡಿ ಹೊರಟವರು, ದಾರಿಯಲ್ಲಿ ಯಾರೂ ಮಾತಾಡಿಸಿ ತಡೆಯದಿದ್ದರೆ, ಬಲಕ್ಕೆ ಬಾಗುತ್ತ ಬಾಗುತ್ತ ಊರಿಗೊಂದು ಸುತ್ತು ಹಾಕಿ ಮತ್ತೆ ಕಚೇರಿಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು.

ಆ ಕೋಟಾದರೂ ಸಾಮಾನ್ಯದ್ದಲ್ಲ. ಹುಟ್ಟಿದಾಗ ಕರಿಯದಾಗಿದ್ದು, ಪ್ರಾಯದಲ್ಲಿ ಕಂದಿ, ವೃದ್ಧಾಪ್ಯದಲ್ಲಿ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿದ ಆ ವಸ್ತ್ರದ ಐದು ಗುಂಡಿಗಳಲ್ಲಿ ಒಂದರ ಮುಖ ಒಂದಕ್ಕಿರಲಿಲ್ಲ. ಮಳೆಗಾಲದಲ್ಲಿ ಅದರ ಬೆನ್ನ ಮೇಲೆ ಹುಲ್ಲು ಚಿಗುರಿ, ಸಂತೆಗೆ ಬಂದ ಎಮ್ಮೆಯೊಂದು ಒಂದು ಬಾಯಿ ಮೇಯ್ದೇಬಿಟ್ಟಿತೆಂದು ಹೇಳುವವರೂ ಇದ್ದರು. ಅದು ಉತ್ಪ್ರೇಕ್ಷೆ. ಎಮ್ಮೆ ಮೂಸಿತ್ತು, ಅಷ್ಟೆ.

ಅವರದು ಅರ್ಜಿ ಬರೆಯುವ ವೃತ್ತಿ. ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಅವರ ತಂದೆ ಹಾಕಿಸಿದ್ದ ಒಂದು ಉದ್ದನೆಯ ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಪದ್ಮಾಸನ ಹಾಕಿ, ತೊಡೆಯ ಮೇಲೆ ಹಲಗೆ ಇಟ್ಟು, ಓದುಬರಹ ಬಾರದವರ ಕಷ್ಟಗಳನ್ನು ಇಂಗ್ಲಿಷಿನಲ್ಲಿ ಬರೆದು ಅಮಲ್ದಾರರ ಮೇಜಿಗೆ ಮುಟ್ಟಿಸುತ್ತಿದ್ದರು. ನಾನು ಆಗ ಅದೇ ಕಚೇರಿಯಲ್ಲಿ ಎರಡನೆಯ ಗುಮಾಸ್ತ. ಆ ಕಾಗದಗಳನ್ನು ಓದಿ ಕಡತದ ಕಟ್ಟಿಗೆ ಸೇರಿಸುವುದು ನನ್ನ ಪಾಲಿನ ಕರ್ತವ್ಯ. ಗೆದ್ದಲು ಕೂಡ ಅವರ ಅರ್ಜಿಯನ್ನು ತಿನ್ನುತ್ತಿರಲಿಲ್ಲ. ಮೊದಲೆರಡು ಸಾಲು ಓದಿ, ಮನಸ್ಸು ಕರಗಿ, ಪಕ್ಕದ ಕಟ್ಟಿಗೆ ಹೋಗುತ್ತಿತ್ತು.

ಅವರ ಕೀರ್ತಿಯೆಲ್ಲ ಒಂದು ಕ್ರಿಯಾಪದದ ಮೇಲೆ ನಿಂತಿತ್ತು. ಆ ಪದ ‘ಅಲೀವಿಯೇಟ್’. ಸಂಕಟದಲ್ಲಿರುವವನ ಸಂಕಟವನ್ನು ಹಗುರಗೊಳಿಸುವುದು ಎಂದು ಅದರ ಅರ್ಥ. ಬುಡಸಮೇತ ಕೀಳುವುದಲ್ಲ, ಇಲ್ಲವೆನಿಸುವುದಲ್ಲ, ಸುಮ್ಮನೆ ಒಂದಿಷ್ಟು ಹಗುರ ಮಾಡುವುದು. “ಪೂರಾ ಕಳೆಯೋದು ದೇವರ ಇಲಾಖೆ. ಸರ್ಕಾರದ ಕೈಲಿ ಆಗೋದು ಇಷ್ಟೇ ನೋಡ್ರಿ,” ಎನ್ನುತ್ತಿದ್ದರು ಪಂಚಾಕ್ಷರಪ್ಪನವರು. ಆ ಪದ ಬಿದ್ದ ಅರ್ಜಿ ನೆಲ ಕಚ್ಚದು ಎಂಬ ನಂಬಿಕೆ ತಾಲ್ಲೂಕಿನಲ್ಲೆಲ್ಲ ಹಬ್ಬಿ, ಅಕ್ಷರದ ಗಂಧವಿಲ್ಲದ ಮುದುಕಿಯರೂ ಬಂದು, “ಅದೊಂದು ಹಾಕಿಕೊಡ್ರಿ ಯಪ್ಪಾ, ಆ ದೊಡ್ಡದು,” ಎಂದು ಔಷಧಿ ಕೇಳುವಂತೆ ಕೇಳುತ್ತಿದ್ದರು.

ಆದರೆ ಅವರು ಅದನ್ನು ಸುಲಭಕ್ಕೆ ಬಿಚ್ಚುವವರಲ್ಲ. ಬಂದವನನ್ನು ಎದುರಿಗೆ ಕೂರಿಸಿ, ಕನ್ನಡಕವನ್ನು ಹಣೆಗೇರಿಸಿ, ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ತೂಕ ಎಷ್ಟು?” ಸೇರಿನೊಳಗಿನ ಕಷ್ಟಕ್ಕೆ ‘ರಿಕ್ವೆಸ್ಟ್’ ಎಂಬ ಪದ. ಮಣದ ತನಕ ‘ಪ್ರೇ’. ಪಲ್ಲಗಟ್ಟಲೆ ತೂಗುವ ಸಂಕಟಕ್ಕೆ ಮಾತ್ರ ಆ ಮಹಾಪದ, ಅದೂ ತಿಂಗಳಿಗೊಂದು.

ಬಿದರಕಟ್ಟೆಯ ಗಾಡಿ ಚೌಡಪ್ಪ ಒಮ್ಮೆ ಹುಂಜದ ಮೇಲೆ ಅರ್ಜಿ ಬರೆಸಲು ಬಂದಿದ್ದ.

“ಹುಂಜ ಯಾರ್ದು?”

“ನಮ್ಮ ಮಾವಂದ್ರೀ. ಹೊತ್ತಿಲ್ಲ ಗೊತ್ತಿಲ್ಲ, ಕೂಗೇ ಕೂಗ್ತತೆ. ಎತ್ತು ಬೆಳಗಾತು ಅಂತ ಎದ್ದು ನಿಂತ್ಕಂತವೆ. ಹಗಲು ಗಾಡಿಗೆ ಕಟ್ಟಿದ್ರೆ ತೂಕಡಿಸ್ತವೆ.”

“ನಿನಗೆ ಮಾವನ ಮ್ಯಾಲೆ ಸಿಟ್ಟೋ, ಹುಂಜದ ಮ್ಯಾಲೋ?”

ಚೌಡಪ್ಪ ಸ್ವಲ್ಪ ಯೋಚಿಸಿ, “ಇಬ್ರೂ ಒಂದೇ ಥರ ಕೂಗ್ತಾರ್ರೀ,” ಎಂದ.

“ಇದು ಅರ್ಧ ಸೇರಿನ ಕಷ್ಟ ಚೌಡಪ್ಪ. ರಿಕ್ವೆಸ್ಟ್ ಸಾಕು.”

“ಅರ್ಧ ಸೇರಾ! ಬರ್ರಿ, ಒಂದಿನ ನಮ್ಮನ್ಯಾಗೆ ಮಲಗಿ ನೋಡ್ರಿ! ಆ ದೊಡ್ಡದು ಹಾಕ್ರಿ ಅಂದ್ರೆ…”

“ಹುಂಜಕ್ಕೇ ಆ ಪದ ಹಾಕಿದ್ರೆ ನಾಳೆ ಮನುಷ್ಯರಿಗೆ ಏನು ಹಾಕ್ಲಿ?”

ಈ ಜಿಪುಣತನದ ಮಹಿಮೆ ತಿಳಿಯಬೇಕಾದರೆ ಸೊರಬದ ಸಂಗತಿ ಕೇಳಬೇಕು. ಅಲ್ಲಿನ ಅರ್ಜಿ ಬರೆಯುವ ಗೋಪಾಲಪ್ಪ ಈ ಪದವನ್ನು ಹೇಗೋ ಸಂಪಾದಿಸಿಕೊಂಡು, ಒಂದೊಂದು ಪುಟಕ್ಕೆ ಐದೈದು ಸಲ ಎರಚತೊಡಗಿದ. ಆರೇ ತಿಂಗಳಲ್ಲಿ ಸೊರಬದಲ್ಲಿ ಆ ಪದ ಸವೆದು ತೆಳ್ಳಗಾಗಿ, ಕಾಗದದ ಈಚೆ ಬರೆದರೆ ಆಚೆ ಕಾಣುತ್ತಿತ್ತಂತೆ. ಅಲ್ಲಿನವರು ಬಸ್ಸು ಹಿಡಿದು ಶಿಕಾರಿಪುರಕ್ಕೆ ಬಂದು, “ನಮ್ಮಲ್ಲಿದು ಕೆಲಸ ಮಾಡ್ತಿಲ್ಲ ಮಾರಾಯ್ರೇ, ನಿಮ್ಮಲ್ಲಿಂದೇ ಕೊಡಿ,” ಎಂದು ಸಾಲುಗಟ್ಟಿ ನಿಂತದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಸಾಲು ಕೆರೆಯ ಏರಿಯ ತನಕ ಇತ್ತು. ಏರಿಯ ತನಕ ಅಲ್ಲದಿದ್ದರೆ ಮರದ ಬುಡದ ತನಕವಂತೂ ಇತ್ತು.

ಪಂಚಾಕ್ಷರಪ್ಪನವರ ಮತ್ತೊಂದು ಹಟವೆಂದರೆ, ಬರೆದ ಮೇಲೆ ಹೋಗಿ ನೋಡುತ್ತಿರಲಿಲ್ಲ. ಕೆರೆಯ ಮೇಲೆ ಬರೆದರು, ಕೆರೆ ನೋಡಲಿಲ್ಲ. ದಾರಿಯ ಮೇಲೆ ಬರೆದರು, ದಾರಿ ತುಳಿಯಲಿಲ್ಲ. “ಕಾಗದ ಹೋಗ್ತತಲ್ಲ, ನಾನ್ಯಾಕೆ ಹೋಗ್ಲಿ?” ಎಂಬುದು ಅವರ ನ್ಯಾಯ.

ಐವತ್ತೇಳರ ಮಳೆಗಾಲದಲ್ಲಿ ಅದೇ ಚೌಡಪ್ಪ ಮತ್ತೆ ಬಂದ. ಈ ಸಲ ನಗುವಿರಲಿಲ್ಲ. ಬಿದರಕಟ್ಟೆಯ ಹಳ್ಳದಲ್ಲಿ ಗಾಡಿ ಮಗುಚಿ ಎತ್ತಿನ ಕಾಲು ಮುರಿದಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಆ ಊರಿನ ಭತ್ತ ಪೇಟೆಗೆ ಬರುವಂತಿರಲಿಲ್ಲ. ಪಂಚಾಕ್ಷರಪ್ಪನವರು ಅರ್ಧ ದಿನ ಪ್ರಶ್ನೆ ಕೇಳಿ, ತೂಗಿ, ನಿಟ್ಟುಸಿರಿಟ್ಟು, ಆ ತಿಂಗಳ ಪದವನ್ನು ಗಾಡಿಯವರಿಗೆ ಧಾರೆಯೆರೆದರು. ಮರುಬೇಸಿಗೆಯಲ್ಲಿ ಹಳ್ಳದ ಮೇಲೆ ಕಿರುಸೇತುವೆಯಂಥ ಮೋರಿ ಬಂತು. ಅರ್ಜಿ ಬರೆದು ವರ್ಷ ತುಂಬುವುದರೊಳಗೆ ಕಲ್ಲಿನ ಮೋರಿ! ಆ ಪದದ ಇತಿಹಾಸದಲ್ಲಿ ಅಂಥ ವಿಜಯ ಮತ್ತೊಂದಿಲ್ಲ. ಚೌಡಪ್ಪ ಗಾಡಿ ಕಟ್ಟಿಕೊಂಡು ಬಂದು, “ಬರ್ರಿ, ಮ್ಯಾಲೆ ಒಂದ್ಸಲ ದಾಟಿಸ್ತೀನಿ,” ಎಂದು ಕರೆದರೂ ಅವರು ಕಲ್ಲು ಬಿಟ್ಟು ಏಳಲಿಲ್ಲ.

ಅದರ ಮುಂದಿನ ಬೇಸಿಗೆ, ಐವತ್ತೊಂಬತ್ತರಲ್ಲಿ, ಒಂದು ಸಂತೆಯ ದಿನ, ಹುಲ್ಲಿನ ಹೊರೆ ಮಾರಿ ಬಂದ ದ್ಯಾಮಮ್ಮ ಎಂಬ ಹೆಂಗಸು ಹುಣಸೆಮರದ ಕೆಳಗೆ ಬಂದು ಕುಳಿತಳು. ಅರವತ್ತರ ಆಸುಪಾಸು. ಊರು ಅದೇ ಬಿದರಕಟ್ಟೆ.

“ಏನ್ ಕಷ್ಟ ತಾಯಿ?”

“ಕಲ್ಲು ಕಳೆದೈತ್ರೀ.”

“ಕಲ್ಲಾ? ತೂಕ ಎಷ್ಟು?” ರೂಢಿಯ ಪ್ರಶ್ನೆ ಬಾಯಿಂದ ಜಾರಿತು.

“ಆರಾಳು ಎತ್ತೋ ಕಲ್ಲು,” ಎಂದಳು ದ್ಯಾಮಮ್ಮ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಅದು ಕಲ್ಲಿನ ತೂಕಾತು. ನನ್ನ ಮಗಳ ತೂಕ ಹೆಂಗೆ ಹೇಳ್ಲಿ?” ಎಂದಳು.

ಮಗಳು ನೀಲಾಂಬಿಕ. ಸೊರಬದ ಕಡೆಗೆ ಕೊಟ್ಟಿದ್ದರು. ಚೊಚ್ಚಲು ಬಾಣಂತನಕ್ಕೆ ತವರಿಗೆ ಬಂದವಳು ಏಳನೆಯ ತಿಂಗಳಲ್ಲಿ ಜ್ವರ ಬಂದು, ಹೊಟ್ಟೆಯ ಕೂಸನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹೋಗಿಬಿಟ್ಟಳು. ಹೊತ್ತ ಭಾರ ಇಳಿಸದೆ ಹೋದ ಹೆಂಗಸಿನ ಹೆಸರಿನಲ್ಲಿ ದಾರಿಯ ಬದಿಗೆ ಹೊರೆಗಲ್ಲು ನಿಲ್ಲಿಸಬೇಕೆಂದು ಹಿರಿಯರು ಹೇಳಿದರು. ನೆಟ್ಟ ಎರಡು ಕಂಬ, ಅವುಗಳ ಮೇಲೆ ಎದೆಯೆತ್ತರದಲ್ಲಿ ಅಡ್ಡಲಾಗಿ ಒಂದು ಚಪ್ಪಡಿ. ತಲೆಯ ಮೇಲೆ ಹುಲ್ಲೋ ಸೌದೆಯೋ ಹೊತ್ತು ಬಂದವರು ಯಾರ ಕೈಯನ್ನೂ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಕತ್ತು ನೀವಿಕೊಂಡು, ಮತ್ತೆ ತಲೆಯೊಡ್ಡಿ ಎತ್ತಿಕೊಂಡು ಹೋಗಬಹುದು. ಹಾಗೆ ಯಾರಾದರೂ ಒಬ್ಬರು ಇಳಿಸಿದಾಗಲೆಲ್ಲ ಹೋದವಳ ಭಾರವೂ ಒಂದಿಷ್ಟು ಇಳಿಯುತ್ತದೆಂದು ನಂಬಿಕೆ. ದ್ಯಾಮಮ್ಮ ಆ ಚಪ್ಪಡಿಯ ಒಂದು ಮಗ್ಗುಲಿಗೆ ಪುಟ್ಟ ತೊಟ್ಟಿಲು ಕೆತ್ತಿಸಿದ್ದಳು.

“ಹನ್ನೊಂದು ವರ್ಷ ಆತ್ರಿ. ದಿನಾ ಯಾರಾದ್ರೂ ಅಲ್ಲಿ ‘ಉಸ್ಸಪ್ಪಾ’ ಅನ್ನೋರು. ಗದ್ದ್ಯಾಗೆ ನಿಂತ್ಕಂಡೇ ನಂಗೆ ಕೇಳೋದು. ಕೇಳಿದ್ರೆ ಉಂಡಿದ್ದು ಮೈಗೆ ಹತ್ತೋದು. ಹೋದ ಬ್ಯಾಸಗ್ಯಾಗೆ ತಂಗಿ ಮಗಳ ಮದುವಿ ಅಂತ ಸೊರಬಕ್ಕೆ ಹೋದೆ, ತಿಂಗಳು ಬಿಟ್ಟು ಬಂದ್ರೆ ಅಡ್ಡಗಲ್ಲೇ ಇಲ್ಲ. ಯಾರನ್ನ ಕೇಳಿದ್ರೂ ಕಾಣೆ ಅಂತಾರೆ. ಅವತ್ತಿಂದ ನನ್ನ ಮಗಳು ಹೊತ್ಕಂಡೇ ನಿಂತಾಳೆ.”

ಪಂಚಾಕ್ಷರಪ್ಪನವರು ಮತ್ತೇನೂ ಕೇಳದೆ ಬರೆದರು. ಆ ತಿಂಗಳ ಪದ ಅದಾಗಲೇ ಖರ್ಚಾಗಿದ್ದರೂ ಮುಂದಿನ ತಿಂಗಳದ್ದನ್ನು ಕೈಗಡ ತಂದು ಹಾಕಿದರು. ನಿಂತು ಗಟ್ಟಿಯಾಗಿ ಓದಿದರು. ಇಂಗ್ಲಿಷು ಹುಣಸೆಯ ಎಲೆಗಳ ನಡುವೆ ಗುಯ್‌ಗುಟ್ಟಿತು. ದ್ಯಾಮಮ್ಮ ಕೇಳಿದಳು: “ಕೊನಿಗೆ ಏನೋ ಅಂದ್ರಲ್ಲ, ಅದೇ ಆ ದೊಡ್ಡದಾ? ಅಂದ್ರೇನು?”

“ಭಾರ ಹಗುರ ಮಾಡೋದು.”

“ಹಂಗೆ ಇಳಿಸಿದ ಭಾರ ಎಲ್ಲಿಗೆ ಹೋಗ್ತತ್ರೀ?”

ಇಪ್ಪತ್ತೇಳು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಪಂಚಾಕ್ಷರಪ್ಪನವರು ನಿಘಂಟನ್ನು ತೆಗೆದು ನೋಡಿದರು. ನಿಘಂಟು ಅರ್ಥ ಹೇಳುತ್ತಿತ್ತೇ ಹೊರತು ವಿಳಾಸ ಹೇಳುತ್ತಿರಲಿಲ್ಲ.

“ಹೊರೆ ಇಳಿಸಿದ್ರೆ ಕಲ್ಲು ಹೊರ್ತತೆ. ನಿಮ್ಮ ಅರ್ಜಿ ಇಳಿಸಿದ್ದನ್ನ ಯಾರು ಹೊರ್ತಾರೆ?” ಎಂದಳು ದ್ಯಾಮಮ್ಮ. “ತಿಳೀದಿದ್ದಕ್ಕೆ ನಾ ಹೆಬ್ಬೆಟ್ಟು ಒತ್ತಂಗಿಲ್ಲ ಯಪ್ಪಾ. ತಿಳ್ಕಂಡು ಹೇಳ್ರಿ, ಬರ್ತೀನಿ.” ಬರಿಗೈ ಬೀಸಿಕೊಂಡು ಹೊರಟುಹೋದಳು.

ಅಂದು ಅವರು ಊರು ಸುತ್ತದೆ ನೇರ ಮನೆ ಸೇರಿದ್ದೇ ಮನಸ್ಸು ಕೆಟ್ಟಿದ್ದಕ್ಕೆ ಸಾಕ್ಷಿ. ಊಟಕ್ಕೆ ಕುಳಿತು ಅದೇ ಪ್ರಶ್ನೆಯನ್ನು ಹೆಂಡತಿ ಸರ್ವಮಂಗಳಮ್ಮನ ಮುಂದಿಟ್ಟರು.

“ಕುಂತಲ್ಲೇ ತಾಲ್ಲೂಕಿನ ಭಾರ ಎಲ್ಲಾ ಇಳಿಸ್ದೋರು ನೀವು, ನನ್ನನ್ನ ಕೇಳ್ತೀರಾ?” ಎಂದರು ಆಕೆ, ತಟ್ಟೆಗೆ ಮುದ್ದೆ ಹಾಕುತ್ತ. “ಒಂದಿನ ಬಾವಿಯಿಂದ ಕೊಡ ಹೊತ್ತು ನೋಡ್ರಿ. ಇಳಿಸೋದು ಅಂದ್ರೇನು ಅಂತ ತಾನೇ ತಿಳೀತತೆ.”

ಮರುದಿನ ಶಿಕಾರಿಪುರ ಕಂಡರಿಯದ ಅದ್ಭುತವೊಂದು ಜರುಗಿತು. ಪಂಚಾಕ್ಷರಪ್ಪನವರು ಕಲ್ಲು ಬಿಟ್ಟೆದ್ದು, ಕೊಡೆ ಹಿಡಿದು, ಮೂರು ಮೈಲಿ ದೂರದ ಬಿದರಕಟ್ಟೆಗೆ ಹೊರಟರು. ಅವರ ವಾಲುವಿಕೆಯ ದೆಸೆಯಿಂದ ಆ ಮೂರು ಮೈಲಿ ಒಂಬತ್ತಾಯಿತು. ನಡುವೆ ಎರಡು ಊರಿನವರು ಒಂದೇ ಕೊಡೆ ಮೂರು ಸಲ ದಾಟಿಹೋದದ್ದನ್ನು ಕಂಡು, ಭೂಮಾಪನ ಇಲಾಖೆಯವರು ಬಂದರೆಂದು ಗಾಬರಿಯಾಗಿ ತಂತಮ್ಮ ಗಡಿಗಲ್ಲುಗಳನ್ನು ಸರಿಯಾದ ಜಾಗಕ್ಕೆ ಒಯ್ದು ನೆಟ್ಟರಂತೆ.

ಹಳ್ಳದ ದಂಡೆಯಲ್ಲಿ ಎರಡು ಕಂಬಗಳು, ಬಾಗಿಲು ಕಳೆದುಕೊಂಡ ಮನೆಯ ನಿಲುವುಗಳಂತೆ, ಬಿಸಿಲಿಗೆ ನಿಂತಿದ್ದವು. ದ್ಯಾಮಮ್ಮ ತಲೆಯ ಮೇಲೆ ಹುಲ್ಲು ಹೊತ್ತು ಅಲ್ಲಿಗೆ ಬಂದಳು, ರೂಢಿಯಂತೆ ಕಾಲು ತಾನೇ ನಿಂತಿತು, ಇಳಿಸಲು ಎಡೆಯಿರಲಿಲ್ಲ.

“ಬಂದ್ರಾ? ಒಂದು ಕೈ ಹಚ್ರಿ.”

ಪಂಚಾಕ್ಷರಪ್ಪನವರು ಕೈ ಹಚ್ಚಲಿಲ್ಲ; ಹೆಂಡತಿಯ ಮಾತು ನೆನಪಾಗಿ ತಲೆಯನ್ನೇ ಒಡ್ಡಿದರು. ಹೊರೆ ಬಂದು ಕೂತಿತು. ಹತ್ತು ಹೆಜ್ಜೆಗೆ ಕತ್ತು ಎದೆಯೊಳಗಿಳಿಯಿತು, ಇಪ್ಪತ್ತಕ್ಕೆ ಕಣ್ಣಲ್ಲಿ ಮಿಂಚುಹುಳು ಹಾರಿದವು, ಮೂವತ್ತಕ್ಕೆ ಇಂಗ್ಲಿಷೆಲ್ಲ ಮರೆತುಹೋಯಿತು. “ತಾಯೀ, ಇಳಿಸೇ!” ಎಂಬ ಕೂಗು ಅಪ್ಪಟ ಕನ್ನಡದಲ್ಲಿ ಹೊರಬಿತ್ತು. ದ್ಯಾಮಮ್ಮ ನಕ್ಕು ಹೊರೆ ಹಿಡಿದಳು.

ಬವಳಿ ಬಂದ ಪಂಚಾಕ್ಷರಪ್ಪನವರು ನೆರಳಿಗೆಂದು ಹತ್ತಿರದ ಮೋರಿಯ ಕೆಳಗೆ, ಒಣಗಿದ ಹಳ್ಳದ ಮರಳಿನಲ್ಲಿ ಕುಳಿತರು. ಒಂದು ಗಾಡಿ ಗಡಗಡಿಸುತ್ತ ತಲೆಯ ಮೇಲೆ ದಾಟಿತು. ಮಣ್ಣು ಉದುರಿತು. ಕಣ್ಣೊರೆಸಿಕೊಂಡು ಮೇಲೆ ನೋಡಿದರು. ಮೋರಿಗೆ ಹಾಸಿದ ಚಪ್ಪಡಿಗಳಲ್ಲಿ ಮಗ್ಗುಲು ಮಗುಚಿ ಕೂರಿಸಿದ್ದ ನಡುವಿನದರ ಹೊಟ್ಟೆಯ ಮೇಲೆ, ತಲೆಕೆಳಗಾಗಿ, ಒಂದು ಪುಟ್ಟ ತೊಟ್ಟಿಲು.

ಪಂಚಾಕ್ಷರಪ್ಪನವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಅದು ಅವರ ಮೋರಿ. ಅವರ ಅರ್ಜಿಯ ಮೋರಿ. ಗಾಡಿಯವರ ಸಂಕಟವನ್ನು ಅವರು ಹಗುರ ಮಾಡಿದ್ದು ನಿಜ; ಆ ಭಾರ ಎಲ್ಲಿಗೆ ಹೋಗಿ ಕೂತಿತೆಂಬುದನ್ನು ಮಾತ್ರ ನೋಡಿರಲಿಲ್ಲ. ಸುಮ್ಮನೆ ಎದ್ದು, ಮರಳು ಕೊಡವಿಕೊಂಡು ಹೋಗಿಬಿಡಬಹುದಿತ್ತು. ಮೇಲೆ ಮಣ್ಣು ಹರಡಿತ್ತು, ಕೆಳಗೆ ಯಾರೂ ಇಣುಕುವವರಿರಲಿಲ್ಲ. ಆ ವಿಚಾರ ಬಂತೆಂದು ಮುಂದೆ ಅವರೇ ನನ್ನೊಡನೆ ಒಪ್ಪಿಕೊಂಡರು. ಎಷ್ಟು ಹೊತ್ತು ಇತ್ತು ಎಂದು ಕೇಳಿದೆ. “ಇನ್ನೊಂದು ಗಾಡಿ ದಾಟೋ ತನಕ,” ಎಂದರು.

“ದ್ಯಾಮಮ್ಮರೇ, ಇಲ್ಲಿ ಬರ್ರಿ.”

ಆಕೆ ಬಗ್ಗಿ ಬಂದು ನೋಡಿದಳು. ಕೈಯೆತ್ತಿ ತೊಟ್ಟಿಲನ್ನು ಸವರಿದಳು. “ಈ ಮೋರಿಗೆ ಯಾರೋ ಪುಣ್ಯಾತ್ಮ ಅರ್ಜಿ ಬರೆದಿದ್ದನಂತೆ,” ಎಂದಳು.

“ಆ ಪುಣ್ಯಾತ್ಮ ನಾನೇ ತಾಯಿ.”

ಬೈದಿದ್ದರೆ ಅವರಿಗೆ ಸುಖವಾಗುತ್ತಿತ್ತು. ದ್ಯಾಮಮ್ಮ ಬೈಯಲಿಲ್ಲ. “ಹಂಗಾರೆ ಭಾರ ಎಲ್ಲಿಗೆ ಹೋಗ್ತತೆ ಅಂತ ಗೊತ್ತಾತಲ್ಲ,” ಎಂದು ಹೇಳಿ, ತಾನೇ ಒದ್ದಾಡಿ ಹೊರೆ ಹೊತ್ತು ನಡೆದಳು.

ಮೋರಿ ಕಟ್ಟಿಸಿದ ಗುತ್ತಿಗೆದಾರ ಗಂಗಾಧರಪ್ಪ ಕೆಟ್ಟವನಲ್ಲ, ಅವಸರದವನು. “ಪಾಳುಬಿದ್ದ ಕಲ್ಲು ಅನ್ಕಂಡ್ವಿ ಕಣ್ರೀ. ಈಗ ಕಿತ್ರೆ ಮೋರಿ ಕುಸೀತತೆ. ಅದೇ ಉದ್ದಂದು ಇನ್ನೊಂದು ಚಪ್ಪಡಿ ಕೊಟ್ರೆ ಒಂದೇ ದಿನದಾಗೆ ಬದಲಾಯಿಸ್ತೀನಿ. ಇಲ್ದಿದ್ರೆ ಅರ್ಜಿ ಹಾಕ್ರಿ,” ಎಂದ. ಅರ್ಜಿ! ಹಗುರ ಮಾಡಿದ್ದರಿಂದ ಉಂಟಾದ ಭಾರವನ್ನು ಹಗುರ ಮಾಡಬೇಕೆಂದು ಪಂಚಾಕ್ಷರಪ್ಪನವರು ನಾಲ್ಕು ಪುಟ ಬರೆದರು. ಐದನೆಯ ಪುಟದಲ್ಲಿ ತಮಗೇ ಅರ್ಥವಾಗದೆ ಹರಿದು ಹಾಕಿದರು. ಆಮೇಲೆ ಮೋರಿಯ ಅಳತೆಯನ್ನು ಕೊಡೆಯ ಮೇಲೆ ಗುರುತು ಮಾಡಿಕೊಂಡು, ಶಿಕಾರಿಪುರದ ಜಗಲಿ, ಮೆಟ್ಟಿಲು, ಒಗೆಯುವ ಕಲ್ಲುಗಳನ್ನೆಲ್ಲ ಅಳೆಯುತ್ತ ನಾಲ್ಕು ದಿನ ತಿರುಗಿದರು. ಒಂದೂ ಕೂಡಿಬರಲಿಲ್ಲ. ಐದನೆಯ ದಿನ ದಣಿದು ಹುಣಸೆಮರದ ಕೆಳಗೆ ಕುಳಿತು ಕೊಡೆಯನ್ನು ಪಕ್ಕಕ್ಕೆ ಮಲಗಿಸಿದರು. ಗುರುತು ಕಲ್ಲಿನ ಅಂಚಿಗೆ ಸರಿಯಾಗಿ ಬಂದು ನಿಂತಿತು.

ಚೌಡಪ್ಪನೇ ಗಾಡಿ ತಂದ. ಎಂಟು ಜನ ಸೇರಿ ಇಪ್ಪತ್ತೇಳು ವರ್ಷದ ಆಸನವನ್ನು ಹೇರುತ್ತಿದ್ದಾಗ ಅವನು ಕೇಳಿದ: “ಅವತ್ತು ನನ್ನ ಹುಂಜಕ್ಕೆ ಅರ್ಧ ಸೇರು ಅಂದ್ರಿ. ಈಗ ಇದು ಎಷ್ಟು ಸೇರ್ರೀ?”

“ಮೊದಲು ಎತ್ತು. ಆಮ್ಯಾಲೆ ಹೇಳ್ತೀನಿ.”

ಹಳ್ಳದ ದಂಡೆಯಲ್ಲಿ ಅವರ ಕಲ್ಲು ಮೋರಿಯೊಳಗಿನ ಅಡ್ಡಗಲ್ಲಿನ ಜಾಗಕ್ಕೆ ಹೋಯಿತು. ತೊಟ್ಟಿಲು ನೆಟ್ಟಗೆ ಕಾಣುವಂತೆ ಅಡ್ಡಗಲ್ಲನ್ನು ಕಂಬಗಳ ಮೇಲೇರಿಸುವಾಗ ಕೈಯೊಂದು ಕಡಿಮೆಯಾಗಿ, ಪಂಚಾಕ್ಷರಪ್ಪನವರೂ ಹೆಗಲು ಕೊಟ್ಟರು. ತಗ್ಗಿದ ಬಲಭುಜ ಅಲ್ಲಿ ಅಳೆದಿಟ್ಟಂತೆ ಕೂತಿತು. ಎಲ್ಲ ಮುಗಿದ ಮೇಲೆ ದ್ಯಾಮಮ್ಮ ಹುಲ್ಲಿನ ಹೊರೆಯನ್ನು ಅದರ ಮೇಲೆ ಜಾರಿಸಿ, ಕಣ್ಣು ಮುಚ್ಚಿ, “ಉಸ್ಸಪ್ಪಾ,” ಎಂದಳು. ಅವಳು ಕಣ್ಣು ತೆರೆದು, ಹೊರೆಯನ್ನು ಒಂದು ಪಕ್ಕಕ್ಕೆ ಸರಿಸಿ, ಉಳಿದ ಜಾಗ ತೋರಿಸಿ, “ನೀವೂ ಇಡ್ರಿ ಯಪ್ಪಾ, ಎಷ್ಟು ಅಂತ ಹೊರ್ತೀರಿ,” ಎಂದಳು.

ಪಂಚಾಕ್ಷರಪ್ಪನವರು ಕಿಸೆಯಿಂದ ನಿಘಂಟನ್ನು ತೆಗೆದು ಕಲ್ಲಿನ ಮೇಲಿಟ್ಟರು. ಒಂದೆರಡು ಗಳಿಗೆ, ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನೆಟ್ಟಗೆ ನಿಂತರು. ಅವರು ಇಷ್ಟು ಎತ್ತರದ ಮನುಷ್ಯರೆಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರು ಹುಣಸೆಯ ಬುಡದಲ್ಲಿ ಗೋಣಿತಾಟು ಹಾಸಿಕೊಂಡೇ ಬರೆದರು. ಆ ಪದವನ್ನು ಬಿಡಲಿಲ್ಲ. ಆದರೆ ಹಾಕುವ ಮುನ್ನ ಕೊಡೆ ಹಿಡಿದು ಸ್ಥಳಕ್ಕೆ ಹೋಗಿ ಬರುತ್ತಿದ್ದರು. ಹಾಗಾಗಿ ಅರ್ಜಿಯೊಂದು ಮುಗಿಯಲು ತಿಂಗಳು ಹಿಡಿಯುತ್ತಿತ್ತು, ತಾಳಗುಂದದ ಕಡೆಯದಾದರೆ ಎರಡು ತಿಂಗಳು. ಬಂದವರು ಗೊಣಗಿಕೊಂಡೇ ಕಾಯುತ್ತಿದ್ದರು. ಒಮ್ಮೆ ಅವರ ನಿಘಂಟನ್ನು ತಿರುವಿ ಹಾಕುವ ಭಾಗ್ಯ ನನಗೆ ದೊರೆಯಿತು. ಆ ಪದದ ಪಕ್ಕದಲ್ಲಿ ನೇರಳೆ ಪೆನ್ಸಿಲ್ಲಿನಿಂದ ‘ಹಗುರ ಮಾಡು’ ಎಂಬ ಹಳೆಯ ಬರಹವಿತ್ತು. ಅದರ ಕೆಳಗೆ ಹೊಸದಾಗಿ: ‘ಇಳಿಸಿದ್ದನ್ನು ಯಾರು ಹೊರುತ್ತಾರೆಂದು ಹೋಗಿ ನೋಡು.’

ಕಷ್ಟವನ್ನು ಕಳೆಯುವ ದೇವರುಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಗುಡಿ ಉಂಟು, ಗಂಟೆ ಉಂಟು. ಪಂಚಾಕ್ಷರಪ್ಪನವರ ಥರದ ಜನ ಕಷ್ಟ ಕಳೆಯಲಾರರು. ಅವರು ದಾರಿಯ ಬದಿಗೆ, ಎದೆಯೆತ್ತರದಲ್ಲಿ, ಸ್ವಲ್ಪ ವಾಲಿಕೊಂಡು, ಇರುತ್ತಾರೆ. ನಾವು ಬಂದು ಹೊರೆ ಇಳಿಸುತ್ತೇವೆ, ಕತ್ತು ನೀವಿಕೊಳ್ಳುತ್ತೇವೆ, ಒಂದು ಎಲೆಯಡಿಕೆ ಹಾಕಿಕೊಂಡು ಅವರ ಕೋಟಿನ ಬಗ್ಗೆ ನಗೆಯಾಡುತ್ತೇವೆ, ಆಮೇಲೆ ನಮ್ಮದನ್ನು ನಾವೇ ಎತ್ತಿಕೊಂಡು ಹೊರಡುತ್ತೇವೆ. ಊರು ಸೇರಿದ ಮೇಲೆ, ಹೊರೆ ಅಷ್ಟೇನೂ ಭಾರವಿರಲಿಲ್ಲ ಎಂದು ಹೇಳಿಕೊಳ್ಳುತ್ತೇವೆ.